ಮೂರು ಗೆರೆ, ಒಂದು ಚುಕ್ಕೆ

ಮದುವೆಯಾದ ಹೊಸತಿನಲ್ಲಿ ಗಂಡಂದಿರು ಹೆಂಡಿರನ್ನು ಎಲ್ಲೆಲ್ಲಿಗೋ ತಿರುಗಾಡಲು ಕರೆದುಕೊಂಡು ಹೋಗುತ್ತಾರೆ ಎಂದು ಇಳಕಲ್ಲಿನ ನನ್ನ ಗೆಳತಿಯರು ಆಸೆ ಹುಟ್ಟಿಸಿದ್ದರು. ನಮ್ಮವರು ನನ್ನನ್ನು ಗವಿಗೆ ಕರೆದುಕೊಂಡು ಹೋದರು. ಎಲ್ಲರೂ ನೋಡುವ ಬಾದಾಮಿಯ ಗವಿಗಳಾಗಿದ್ದರೆ ನನ್ನ ತಕರಾರಿರಲಿಲ್ಲ. ಅಲ್ಲಿ ಮೆಟ್ಟಿಲುಗಳಿವೆ, ಕೆತ್ತನೆಯಿದೆ, ಇಳಿದು ಬಂದರೆ ಬಿಸಿ ಚಹಾ ಇದೆ. "ಬನಶಂಕರಿಗೆ ಹೋಗೂಣು ನಡಿ" ಎಂದು ಹೇಳಿ ಹೊರಡಿಸಿದ್ದರಿಂದ ನಾನು ಮದುವೆಯ ಸೀರೆ ಉಟ್ಟು, ಹೂ ಮುಡಿದು, ತಾಯಿಗೆ ಉಡಿ ತುಂಬಲು ಖಣ, ತೆಂಗಿನಕಾಯಿ ಹಿಡಿದುಕೊಂಡು ಹೊರಟಿದ್ದೆ. ಗುಡಿಯಲ್ಲಿ ನಾನು ಕಣ್ಣು ಮುಚ್ಚಿ ತೆರೆಯುವುದರೊಳಗೆ ಇವರು ಹೊರಗೆ ಚಪ್ಪಲಿ ಮೆಟ್ಟಿ ನಿಂತಿದ್ದರು. ಅಲ್ಲಿಂದ ಇನ್ನೊಂದು ಬಸ್ಸು, ಬಸ್ಸಿಳಿದ ಮೇಲೆ ಕಾಲುದಾರಿ, ಕಾಲುದಾರಿ ಮುಗಿದ ಮೇಲೆ ಕಾರೆಕಂಟಿ. ಮುಳ್ಳಿಗೆ ಸಿಕ್ಕ ಸೆರಗನ್ನು ಬಿಡಿಸಿಕೊಳ್ಳುತ್ತ ಕೇಳಿದೆ, "ಎಲ್ಲಿಗ್ರಿ ಇದು?"

"ಹತ್ತು ಸಾವಿರ ವರ್ಷ ಹಿಂದಕ್ಕ," ಎಂದರು.

ಸಂಜೆಯ ಅಡಿಗೆಗಾದರೂ ವಾಪಸು ಬರುತ್ತೇವೆಯೇ ಎಂದು ಕೇಳಿದೆ. ಇವರು ಆಗಲೇ ನಾಲ್ಕು ಮಾರು ಮುಂದೆ ಹೋಗಿದ್ದರು.

ಇದು ಎಪ್ಪತ್ತರ ದಶಕದ ಕೊನೆಯ ಮಾತು. ಇವರು ಆಗ ಬಾದಾಮಿಯ ಒಂದು ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುತ್ತಿದ್ದರು. ಓದುಬರಹದ ಮನೆತನ. ಅಜ್ಜ ಸಂಸ್ಕೃತ ಪಾಠ ಹೇಳಿದವರು, ಅಪ್ಪ ಕನ್ನಡ ಶಾಲೆಯ ಹೆಡ್‌ಮಾಸ್ತರರು, ಅಣ್ಣ ಗಣಿತದ ಮಾಸ್ತರರು. ಆ ಮನೆಯ ಗಂಡಸರಿಗೆ ತಪ್ಪು ಎಂಬುದು ಬೇರೆಯವರ ಉತ್ತರಪತ್ರಿಕೆಯಲ್ಲಿ ಇರುವ ವಸ್ತು. ಒಮ್ಮೆ ನಾನು ಹಿತ್ತಲಿಗೆ ಹೋದಾಗ ಇವರು ಸಾರಿಗೆ ಎರಡನೆಯ ಸಲ ಉಪ್ಪು ಹಾಕಿಬಿಟ್ಟರು. ಊಟಕ್ಕೆ ಕೂತು ಒಂದು ತುತ್ತು ತಿಂದು ಮುಖ ಕಿವುಚಿ, "ಈ ಅಂಗಡಿ ಉಪ್ಪು ಭಾಳ ಉಪ್ಪದ. ಮುಂದಿನ ತಿಂಗಳ ಅಂಗಡಿ ಬದಲಿ ಮಾಡೂಣು" ಎಂದರು. ಬದಲಿ ಮಾಡಿಯೂ ಮಾಡಿದರು.

ಗುಡ್ಡದ ನೆತ್ತಿಯ ಕೆಳಗೆ ಬಂಡೆಯೊಂದು ಮುಂದಕ್ಕೆ ಚಾಚಿಕೊಂಡು ಪಡಸಾಲೆಯಷ್ಟು ಜಾಗ ಮಾಡಿತ್ತು. ಅದೇ ಆ ಗವಿ. ಒಳಗೆ ಅರ್ಧ ಭಾಗಕ್ಕೆ ಮುಳ್ಳುಕಂಟಿಯ ಬೇಲಿ ಕಟ್ಟಿ ದಡ್ಡಿ ಮಾಡಿದ್ದರು. ದಡ್ಡಿಯ ತುಂಬ ಕುರಿಮರಿಗಳು. ವಾಸನೆ ನಮ್ಮನ್ನು ಗುಡ್ಡದ ಅರ್ಧಕ್ಕೇ ಎದುರುಗೊಂಡಿತ್ತು. ನೆಲದ ತುಂಬ ಒಣಗಿದ ಹಿಕ್ಕೆ. ಇವರು ಅದರ ಮೇಲೆ ಅಂಗಾತ ಮಲಗಿ, ನೀನೂ ಮಲಗು ಎಂದು ನನಗೆ ಕೈ ಸನ್ನೆ ಮಾಡಿದರು. ಮದುವೆಯ ಸೀರೆಯಲ್ಲಿ ಕುರಿಹಿಕ್ಕೆಯ ಮೇಲೆ ಮಲಗಿದ ಹೊಸ ಸೊಸೆ ಇಡೀ ಜಿಲ್ಲೆಯಲ್ಲಿ ನಾನೊಬ್ಬಳೇ ಇರಬೇಕು.

ಮಲಗಿದ ಮೇಲೆ ಕಂಡಿತು. ಮೇಲೆ ಬಂಡೆಯ ಚಾವಣಿಯಲ್ಲಿ ಕೆಂಪು ಬಣ್ಣದ ಜಿಂಕೆಗಳು ಸಾಲುಗಟ್ಟಿ ಓಡುತ್ತಿದ್ದವು. ಉದ್ದ ಕೋಡಿನ, ಡುಬ್ಬದ ಗೂಳಿಯೊಂದು ನಿಂತಿತ್ತು. ಎರಡೂ ಕೈ ಎತ್ತಿದ ಒಬ್ಬ ಮನುಷ್ಯನಿದ್ದ. ಸಾಲಿನ ಕೊನೆಯ ಜಿಂಕೆಯೊಂದು ಮಾತ್ರ ಓಡುತ್ತಲೇ ಕತ್ತು ಹೊರಳಿಸಿ ಹಿಂದೆ ನೋಡುತ್ತಿತ್ತು. ಅದರ ಮರಿ ಹಿಂದೆ ಉಳಿದಿದೆ. ಬರೆದವನು ಮರಿಯನ್ನು ಬರೆದಿರಲಿಲ್ಲ, ತಾಯಿಯ ಕತ್ತು ನೋಡಿಯೇ ಅದು ತಿಳಿಯುತ್ತಿತ್ತು. ನನ್ನ ಸಿಟ್ಟು ಇಳಿಯಿತು. ಖರೆ ಹೇಳುತ್ತೇನೆ, ಮೈಮೇಲಿನ ಸೀರೆಯೂ ಮರೆತುಹೋಯಿತು.

ಅಷ್ಟರಲ್ಲಿ ನಮ್ಮಿಬ್ಬರ ತಲೆಯ ಹತ್ತಿರ ಎರಡು ಬರಿಗಾಲು ಬಂದು ನಿಂತವು.

"ಮತ್ತ ಎಣಸಾಕ ಬಂದೀರೇನ್ರಿ? ಹ್ವಾದ ವರ್ಷ ಒಬ್ಬಾವ ಬಂದು ಎಣಿಸಿಕೊಂಡು ಹ್ವಾದ. ಮಲಗಿ ಎಣಸಾವ್ರನ್ನ ಇವತ್ತ ನೋಡಿದೆ."

ಆಕೆ ಆ ದಡ್ಡಿಯ ಒಡತಿ. ಬೀರಪ್ಪ ದೇವರ ಒಕ್ಕಲಿನ ಕುರಿಗಾರರ ಮುದುಕಿ, ನಾನು ಆಕೆಯನ್ನು ಆಯಿ ಎಂದೇ ಕರೆಯುತ್ತಿದ್ದೆ. ಕುಳ್ಳಗೆ, ಒಣಗಿದ ಹುಣಸೆಬರಲಿನ ಹಾಗೆ ಗಟ್ಟಿಯಾಗಿದ್ದಳು. ಇವರು ಎದ್ದು ಬೆನ್ನಿನ ಹಿಕ್ಕೆ ಝಾಡಿಸಿಕೊಂಡು, "ಕುರಿ ಎಣಸ್ಲಿಕ್ಕೆ ಅಲ್ಲವಾ. ಚಿತ್ರಾ ನೋಡ್ಲಿಕ್ಕೆ ಬಂದೀವಿ" ಎಂದರು.

"ಮ್ಯಾಲಿನವೇನ್ರಿ? ಅವು ನಮ್ಮ ಬೀರಪ್ಪನ ಕುರಿ."

"ಕುರಿ ಅಲ್ಲ, ಜಿಂಕಿ."

"ನಿಮಗ ಜಿಂಕಿರಿ. ನಮಗ ಕುರಿ," ಎಂದು ಆಯಿ ಚಹಾಕ್ಕೆ ಒಲೆ ಹೂಡಿದಳು.

ಅಲ್ಲಿಂದ ಮುಂದೆ ನಮ್ಮ ಭಾನುವಾರಗಳೆಲ್ಲ ಆ ಗುಡ್ಡಕ್ಕೇ ಹೋದವು. ಚಿತ್ರಗಳನ್ನು ಇದ್ದಷ್ಟೇ ಅಳತೆಯಲ್ಲಿ ನಕಲು ತೆಗೆಯಬೇಕೆಂದು ಇವರು ಬಾಗಲಕೋಟೆಯಿಂದ ತೆಳ್ಳನೆಯ ನಕಾಶೆ ಕಾಗದದ ಒಂದು ಸುರುಳಿ ತಂದರು. ಎರಡು ವಾರಕ್ಕೆ ಅದು ಮುಗಿಯಿತು. ಮೂರನೆಯ ವಾರ ಚೀಲದಿಂದ ನನ್ನ ತವರಿನವರು ಮದುವೆಯಲ್ಲಿ ಕೊಟ್ಟ ಜರಿಯಂಚಿನ ಧೋತರ ಹೊರಗೆ ಬಂತು. ನೀರು ಚಿಮುಕಿಸಿ ಚಾವಣಿಗೆ ಒತ್ತಿ ಹಿಡಿದರೆ ಕೆಳಗಿನ ಗೆರೆ ಕಾಣುತ್ತದೆಯಂತೆ. ಒತ್ತಿ ಹಿಡಿಯುವವಳು ನಾನು. ಕಲ್ಲಿನ ಗುಂಡೊಂದರ ಮೇಲೆ ನಿಂತು, ಎರಡೂ ಕೈ ಮೇಲೆತ್ತಿ, ಒಂದೊಂದು ತಾಸು. ಚಿತ್ರದಲ್ಲಿ ಕೈ ಎತ್ತಿ ನಿಂತ ಮನುಷ್ಯ ಕುಣಿಯುತ್ತಿದ್ದಾನೆ ಎಂದು ಇವರು ಬರೆದುಕೊಂಡಿದ್ದರು. ಅವನು ಯಾರದೋ ಧೋತರ ಹಿಡಿದಿರಬೇಕು ಎಂದು ನನಗೆ ಆಗಲೇ ಗೊತ್ತಾಗಿತ್ತು.

ಉಳಿದ ಹೊತ್ತು ನಾನು ಆಯಿಯ ಹತ್ತಿರ ಕೂತಿರುತ್ತಿದ್ದೆ. ಕುರಿಹಾಲಿನ ಚಹಾವನ್ನು ಮೊದಲ ವಾರ ಮೂಗು ಹಿಡಿದುಕೊಂಡು ಕುಡಿದೆ, ಮೂರನೆಯ ವಾರ ಕೇಳಿ ಇಸಿದುಕೊಂಡು ಕುಡಿದೆ. ಸುಗ್ಗಿ ಮುಗಿದ ಮೇಲೆ ಅವರ ಹಿಂಡು ಹುನಗುಂದದ ಕಡೆ, ರಾಮಥಾಳ, ಮರೋಳದ ಎರೆಹೊಲಗಳಲ್ಲಿ ಗೊಬ್ಬರಕ್ಕೆಂದು ತಂಗಲು ಹೋಗುತ್ತಿತ್ತು. ಮಳೆ ಶುರುವಾದರೆ ಮರಳಿ ಈ ಗವಿಗೆ. ಮರಿಗಳು ಹುಟ್ಟುವುದೂ ಆಗಲೇ.

"ಇಷ್ಟು ಮ್ಯಾಲ ಯಾಕ ಬರ್ತೀ ಆಯಿ? ಕೆಳಗ ಎಷ್ಟು ಗವಿ ಅವ."

"ಅವು ಎಲ್ಲಾ ಪಡುವಣಕ್ಕ ಬಾಯಿ ತಕ್ಕೊಂಡು ಕುಂತಾವ್ರಿ ಬಾಯಾರ. ಮಳಿ ಸೀದಾ ಒಳಗ ಬರತೈತಿ. ಇದೊಂದ ಮೂಡಣಕ್ಕ ಐತಿ. ಮರಿ ಕಾಲು ತೊಯ್ದ್ರ ಉಳಿಯೂದಿಲ್ಲ. ಒಂದು ವರ್ಷ ಇಲ್ಲಿ ಜೇನು ಎದ್ದಿತ್ತು, ಬಯಲಾಗ ಇದ್ವಿ. ಹನ್ನೊಂದು ಮರಿ ಹ್ವಾದ್ವು. ಒಂದೊಂದ ಕೈಯಾಗ ಹಿಡಕೊಂಡು ಹ್ವಾಗಿ ಹಳ್ಳದ ದಂಡ್ಯಾಗ ಮಣ್ಣು ಮಾಡಿ ಬಂದೆ."

ಇದನ್ನು ಹೇಳುವಾಗ ಆಯಿ ಒಲೆ ಊದುತ್ತಿದ್ದಳು. ಹೊಗೆಯಿಂದ ಕಣ್ಣು ಒರೆಸಿಕೊಂಡಳೋ ಏನೋ ನಾನು ಕೇಳಲಿಲ್ಲ.

ನಾಲ್ಕನೆಯದೋ ಐದನೆಯದೋ ವಾರ ಇವರು ದಡ್ಡಿಯ ಬೇಲಿ ಸರಿಸಿ ಒಳಗಿನ ಗೋಡೆ ನೋಡಿದರು. "ಏ ಇಲ್ಲೆ ಬಾ" ಎಂದು ಕೂಗಿದ ಧ್ವನಿಗೆ ಮರಿಗಳೆಲ್ಲ ಎದ್ದು ನಿಂತವು. ಎದೆಯ ಮಟ್ಟದಲ್ಲಿ, ಗೋಡೆಯುದ್ದಕ್ಕೂ, ಕೆಂಪು ಬಣ್ಣದಲ್ಲಿ ಮೂರು ಉದ್ದ ಗೆರೆ, ಅವುಗಳ ಕೆಳಗೆ ಒಂದು ಚುಕ್ಕೆ. ಮತ್ತೆ ಮೂರು ಗೆರೆ, ಒಂದು ಚುಕ್ಕೆ. ಒಂದು ತುದಿಯಲ್ಲಿ ಮಾಸಿದವು, ಇನ್ನೊಂದು ತುದಿಯಲ್ಲಿ ಕಡುಗೆಂಪು. ನೂರಕ್ಕಿಂತ ಹೆಚ್ಚಿದ್ದವು.

ಆ ರಾತ್ರಿಯ ಊಟ, ಮರುದಿನದ ನಾಷ್ಟಾ, ಇಡೀ ವಾರ ನಮ್ಮ ಮನೆಯಲ್ಲಿ ಮಾತೆಂದರೆ ಅದೇ. ಮೂರು ಗೆರೆ ಅಂದರೆ ಮೂರು ಕಾಲ, ಮಳೆಗಾಲ, ಚಳಿಗಾಲ, ಬೇಸಿಗೆ. ಚುಕ್ಕೆ ಅಂದರೆ ಸೂರ್ಯ. ಆದಿಮಾನವ ವರ್ಷಗಳನ್ನು ಎಣಿಸಿಟ್ಟಿದ್ದಾನೆ. ಇದು ಪಂಚಾಂಗ! ಇವರು ಮುಂದಿನ ವಾರ ಟೇಪು, ಭೂತಗನ್ನಡಿ ತಂದು ಇಡೀ ದಿನ ಗೋಡೆಗೆ ಮುಖ ಹಚ್ಚಿ ನಿಂತರು. ನೋಟುಬುಕ್ಕಿನಲ್ಲಿ ಮುತ್ತಿನಂಥ ಅಕ್ಷರದಲ್ಲಿ ಬರೆದರು. ಇವು ಕುಂಚದಿಂದಲ್ಲ, ಬೆರಳಿನಿಂದ ಎಳೆದ ಗೆರೆಗಳು. ಎಳೆದವನು ಎಡಚ, ಯಾಕೆಂದರೆ ಹೆಬ್ಬೆರಳಿನ ಚುಕ್ಕೆ ಬಲಕ್ಕೆ ವಾಲಿದೆ. ಗೆರೆಗಳ ಎತ್ತರ ನೋಡಿದರೆ ಆದಿಮಾನವ ಐದು ಅಡಿಗಿಂತ ಕಡಿಮೆ ಎತ್ತರದವನು. ನಡುವಿನ ಗೆರೆ ಪ್ರತಿಸಲ ತುದಿಯಲ್ಲಿ ಡೊಂಕಾಗುತ್ತದೆ, ಅಂದಮೇಲೆ ಅವನ ನಡುಬೆರಳು ಸೊಟ್ಟ, ಬಹುಶಃ ಬೇಟೆಯಲ್ಲಿ ಮುರಿದದ್ದು. ಮಾಸಿದ ತುದಿಯ ಹತ್ತಿಪ್ಪತ್ತು ಗುರುತುಗಳು ಮಾತ್ರ ಬೇರೆ ಕೈಯವು, ಬೆರಳು ದಪ್ಪ, ನೆಟ್ಟಗೆ. ಅಂದರೆ ಎರಡು ತಲೆಮಾರು. ಇಷ್ಟೆಲ್ಲ ಬರೆದು, ಒಂದು ಪ್ರತಿ ಮಾಡಿ, ಧಾರವಾಡದ ಕಡೆಯ ಒಬ್ಬ ನಿವೃತ್ತ ಪ್ರಾಧ್ಯಾಪಕರಿಗೆ ಅಂಚೆಗೆ ಹಾಕಿದರು. ಗವಿಚಿತ್ರಗಳ ವಿಷಯದಲ್ಲಿ ಅವರ ಮಾತೇ ಕೊನೆಯ ಮಾತು ಎಂದು ಹೆಸರಿತ್ತು.

ಅಷ್ಟು ದಿನ ಆ ಗವಿಗೆ ಹೋಗಿಯೂ ದೊಡ್ಡ ಕುರಿಗಳನ್ನು ನಾವು ನೋಡಿಯೇ ಇರಲಿಲ್ಲ. ನಾವು ಹತ್ತುವ ಮೊದಲೇ ಆಯಿಯ ಇಬ್ಬರು ಮಕ್ಕಳು ಹಿಂಡು ಹೊಡೆದುಕೊಂಡು ಗುಡ್ಡದಾಚೆ ಹೋಗಿರುತ್ತಿದ್ದರು. ಅವು ತಿರುಗಿ ಬರುವ ಮೊದಲೇ ನಾವು ಕೊನೆಯ ಬಸ್ಸಿಗೆ ಇಳಿಯುತ್ತಿದ್ದೆವು. ಕಾಗದ ಹಾಕಿದ ಮರುವಾರ ಮೋಡ ಕವಿದದ್ದರಿಂದ ಹಿಂಡು ಮಧ್ಯಾಹ್ನಕ್ಕೇ ಬಂತು. ಇವರು ಗವಿಯ ಆಚೆ ಮಗ್ಗುಲಲ್ಲಿ ಬಂಡೆ ಅಳೆಯುತ್ತಿದ್ದರು. ಕುರಿಗಳು ಒಂದೊಂದಾಗಿ ನನ್ನ ಮುಂದೆ ಹಾದು ಒಳಗೆ ಹೊಕ್ಕವು. ಪ್ರತಿಯೊಂದರ ಹಿಂಭಾಗದಲ್ಲೂ ಕೆಂಪು ಬಣ್ಣದಲ್ಲಿ ಮೂರು ಗೆರೆ, ಒಂದು ಚುಕ್ಕೆ. ಮಳೆಗಾಲ, ಚಳಿಗಾಲ, ಬೇಸಿಗೆ ಮತ್ತು ಸೂರ್ಯ ಬ್ಯಾ ಬ್ಯಾ ಎನ್ನುತ್ತ ಸಾಲಾಗಿ ದಡ್ಡಿ ಸೇರಿದವು.

ಕೊನೆಯ ಕುರಿ ಒಳಗೆ ಹೋಗುವವರೆಗೂ ನೋಡುತ್ತ ನಿಂತೆ. ಆಮೇಲೆ ಕೇಳಿದೆ, "ಆಯಿ, ಇದೇನು ಇವುಕ್ಕ?"

"ನಮ್ಮ ಗುರ್ತರಿ. ಹಿಂಡು ಹಿಂಡು ಕೂಡಿದ್ರ ನಮ್ಮವ್ಯಾವು, ಮಂದೀವ್ಯಾವು ತಿಳೀಬೇಕಲ್ಲ? ಮರಿಗೆ ಹಚ್ಚೂದಿಲ್ಲ, ದೊಡ್ಡವಾದ ಮ್ಯಾಲ ಹಚ್ಚೂದು. ಉಣ್ಣೆ ಕತ್ತರಿಸಿದಾಗೊಮ್ಮೆ ಹೊಸದಾಗಿ ಹಚ್ಚಬೇಕು."

"ಮತ್ತ ಗ್ವಾಡಿ ಮ್ಯಾಲ?"

"ಹುರಮಂಜಿನ ಕೆಂಪು ಮಣ್ಣು ಎಣ್ಣ್ಯಾಗ ಕಲಸ್ತೀವಲ್ರಿ, ಹದಾ ಬಂದೈತೋ ಇಲ್ಲೋ ಮೊದಲ ಕಲ್ಲಿಗೆ ಹಚ್ಚಿ ನೋಡೂದು. ಇಳದ್ರ ನೀರಾತು, ಒಡದ್ರ ಗಟ್ಟಿ ಆತು. ನಮ್ಮತ್ತಿ ಹಂಗ ಮಾಡತಿದ್ದಳು, ನಾನೂ ಹಂಗ ಮಾಡತೀನಿ."

ಅವಳು ಕೈ ಆಡಿಸಿ ತೋರಿಸಿದಳು. ಬಲಗೈಯಿಂದ ಕುರಿಯನ್ನು ಹಿಡಿಯಬೇಕಾದ್ದರಿಂದ ಬಣ್ಣ ಹಚ್ಚುವುದು ಎಡಗೈ. ಆ ಎಡಗೈಯ ನಡುಬೆರಳು ಸೊಟ್ಟಗಿತ್ತು. ಟಗರು ಗುಮ್ಮಿ ಮುರಿದದ್ದಂತೆ. ನಾನು ಅವಳನ್ನು ತಲೆಯಿಂದ ಕಾಲಿನವರೆಗೆ ನೋಡಿದೆ. ಐದು ಅಡಿಗಿಂತ ಕಡಿಮೆ. ಮಾಸಿದ ತುದಿಯವು ಅತ್ತೆಯವು. ನಮ್ಮವರು ಎಲ್ಲವನ್ನೂ ಒಂದು ಕೂದಲೆಳೆ ತಪ್ಪದೆ ಕಂಡುಹಿಡಿದಿದ್ದರು, ಆದಿಮಾನವ ನಮಗೆ ಚಹಾ ಮಾಡಿಕೊಡುತ್ತಿದ್ದಾನೆ ಎನ್ನುವುದೊಂದನ್ನು ಬಿಟ್ಟು.

ನಾನು ನಕ್ಕು ನಕ್ಕು ಸುಸ್ತಾಗಿ ಆಯಿಗೆ ಪಂಚಾಂಗದ ಕತೆ ಹೇಳಿದೆ. ಅವಳು ನಗಲಿಲ್ಲ. ಬಾಯಿಗೆ ಸೆರಗು ಹಚ್ಚಿಕೊಂಡು, "ಅಯ್ಯ ನನ ಶಿವನ! ಮಾಸ್ತರ್ರಿಗೆ ಹೇಳಬ್ಯಾಡ್ರಿ ಬಾಯಾರ" ಎಂದಳು.

"ಯಾಕ?"

"ಅಷ್ಟು ದಿನಾ ನಿಂತು ಬರಕೊಂಡಾರ. ನೋಡಿದ್ರ ಪಾಪ ಅನಸತೈತಿ."

ಆ ದಿನ ಮಳೆಯ ನೆವ ಹೇಳಿ ಇವರನ್ನು ಗವಿಯ ಆಚೆ ಮಗ್ಗುಲಿನಿಂದಲೇ ಬಸ್ಸಿಗೆ ಇಳಿಸಿಕೊಂಡು ಹೋದೆ. ಹೇಳದೆ ಬಿಡುತ್ತಿದ್ದೆ. ಆದರೆ ಹತ್ತೇ ದಿನದಲ್ಲಿ ಪ್ರಾಧ್ಯಾಪಕರ ಉತ್ತರ ಬಂತು. ಬರುವ ಭಾನುವಾರ ನಾನೇ ಬಂದು ನೋಡುತ್ತೇನೆ, ಖಾತ್ರಿಯಾದರೆ ಪುರಾತತ್ವ ಇಲಾಖೆಗೆ ಬರೆಯುತ್ತೇನೆ ಎಂದಿದ್ದರು. ಇವರು ಆ ಕಾಗದವನ್ನು ದೇವರ ಮುಂದೆ ಇಟ್ಟು ಕುಂಕುಮ ಹಚ್ಚುವುದೊಂದು ಬಾಕಿ.

"ಇಲಾಖೆಯವರು ಬಂದು ಏನ್ಮಾಡ್ತಾರ್ರಿ?"

"ತಂತಿಬೇಲಿ ಹಾಕ್ತಾರ. ಬೋರ್ಡ್ ನಿಲ್ಲಸ್ತಾರ. ಕಬ್ಬಿಣದ ಗೇಟ್ ಕೂಡಸಿ ಕೀಲಿ ಹಾಕ್ತಾರ. ಒಂದು ಕುರಿ ಒಳಗ ಹೋಗ್ಲಿಕ್ಕಿಲ್ಲ."

"ಮತ್ತ ಆಯಿ ಎಲ್ಲೆ ಹೋಗ್ಬೇಕು?"

"ಗುಡ್ಡದಾಗ ಗವಿಗೇನು ಬರ ಅದ?" ಎಂದು ಕಾಗದವನ್ನು ನಾಲ್ಕನೆಯ ಸಲ ಓದತೊಡಗಿದರು.

ಬರವಿತ್ತು. ಮೂಡಣಕ್ಕೆ ಬಾಯಿ ಇದ್ದದ್ದು ಅದೊಂದೇ. ಹನ್ನೊಂದು ಮರಿಗಳ ಮಾತು ನನ್ನ ಹೊಟ್ಟೆಯಲ್ಲಿ ಕೂತುಬಿಟ್ಟಿತ್ತು. ಶನಿವಾರ ಬೆಳಗಿನ ಶಾಲೆ ಮುಗಿಸಿ ಇವರು ಊಟಕ್ಕೆ ಕೂತಾಗ ಎಲ್ಲ ಹೇಳಿಬಿಟ್ಟೆ. ಕುರಿಯ ಗುರುತು, ಹುರಮಂಜಿನ ಹದ, ಎಡಗೈ, ಸೊಟ್ಟ ಬೆರಳು. ಇವರು ಕೈಯಲ್ಲಿದ್ದ ರೊಟ್ಟಿಯ ತುಣುಕನ್ನು ಕೆಳಗಿಟ್ಟರು. ಆಮೇಲೆ ನಾನು ನೋಡುತ್ತಿದ್ದ ಹಾಗೆಯೇ ಕಣ್ಣಿನಲ್ಲಿ ಬೆಳಕು ಬಂತು.

"ಅಂದ್ರ, ಆದಿಮಾನವನ ಚಿಹ್ನಾ ಇವತ್ತಿಗೂ ಕುರುಬರ ಬಳಕ್ಯಾಗ ಅದ! ನೋಡಿದ್ಯಾ? ಇದಕ್ಕ ಪರಂಪರಾ ಅಂತಾರ!"

"ಸೊಟ್ಟ ಬೆರಳೂ ಪರಂಪರಾನ ಏನ್ರಿ?"

ಇವರು ಮಜ್ಜಿಗೆ ಅನ್ನ ಉಣ್ಣದೆ ಎದ್ದರು. ಆ ಮನೆತನದಲ್ಲಿ ಮಜ್ಜಿಗೆ ಅನ್ನ ಬಿಟ್ಟು ಎದ್ದವರು ಅದಕ್ಕೂ ಮೊದಲು ಯಾರೂ ಇರಲಿಲ್ಲವಂತೆ.

ಭಾನುವಾರ ಪ್ರಾಧ್ಯಾಪಕರು ಬೆಳಗಿನ ಬಸ್ಸಿಗೇ ಬಂದರು. ಎಪ್ಪತ್ತರ ಸಮೀಪದ ವಯಸ್ಸು, ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಕೊಡೆ. ಗುಡ್ಡವನ್ನು ನಮಗಿಂತ ಮೊದಲೇ ಹತ್ತಿದರು. ದಾರಿಯುದ್ದಕ್ಕೂ ಇವರು ನೋಟುಬುಕ್ಕನ್ನು ಒಂದು ಕಂಕುಳಿನಿಂದ ಇನ್ನೊಂದಕ್ಕೆ ಬದಲಿಸುತ್ತಿದ್ದರು. ಏನು ಹೇಳುತ್ತಾರೆ, ಹೇಳುತ್ತಾರೋ ಇಲ್ಲವೋ, ನನಗೂ ಗೊತ್ತಿರಲಿಲ್ಲ. ಗವಿ ತಲುಪಿದ ಕೂಡಲೇ ನಾನು ಆಯಿಯನ್ನು ಒಂದು ಕಡೆ ಕರೆದೆ.

"ಆಯಿ, ಈ ಸಾಹೇಬರು ಹೂಂ ಅಂದ್ರ ಇಲ್ಲೆ ಬೇಲಿ ಬರ್ತದ. ನಿನ್ನ ಕುರಿ ಒಳಗ ಬಿಡೂದಿಲ್ಲ. ಗೆರಿ ಯಾರವು ಅಂತ ಕೇಳಿದ್ರ ನನ್ನವು ಅಂತ ಹೇಳಿಬಿಡು."

ಆಯಿ ದಡ್ಡಿಯ ಕಡೆ ನೋಡಿದಳು. "ಹಂಗಂದ್ರ ಮಾಸ್ತರ್ರ ಮಾತು ಹುಸಿ ಆಕ್ಕೈತಲ್ರಿ, ದೊಡ್ಡವ್ರ ಮುಂದ?"

"ಆಗ್ಲಿ ಬಿಡು."

ಅವಳು ಹೋಗಿ ದಡ್ಡಿಯ ಬೇಲಿ ಸರಿಮಾಡತೊಡಗಿದಳು.

ಪ್ರಾಧ್ಯಾಪಕರು ಚಾವಣಿಯ ಚಿತ್ರಗಳನ್ನು ಬಹಳ ಹೊತ್ತು ನೋಡಿದರು. ಅವರೂ ಹಿಕ್ಕೆಯ ಮೇಲೆ ಮಲಗಿಯೇ ನೋಡಿದರು, ಅದಕ್ಕೆ ನನಗೆ ಅವರ ಮೇಲೆ ಗೌರವ ಬಂತು. "ಖರೇನ ಹಳೇವು," ಎಂದರು ಕೊನೆಗೆ. ಆಮೇಲೆ ಗೋಡೆಯ ಹತ್ತಿರ ಹೋಗಿ, ಭೂತಗನ್ನಡಿ ಹಿಡಿದು, ಒಂದು ಗುರುತನ್ನು ಉಗುರಿನಿಂದ ಮೆಲ್ಲಗೆ ಕೆರೆದು ಮೂಸಿ ನೋಡಿದರು. ತಿರುಗಿ ಆಯಿಯನ್ನು ಕೇಳಿದರು, "ಇವು ಯಾವಾಗಿನವು, ನಿನಗೇನರೆ ಗೊತ್ತದ ಏನವಾ?"

ಆಯಿ ನನ್ನ ಕಡೆ ನೋಡಲೇ ಇಲ್ಲ. "ನಮಗೇನು ಗೊತ್ತಾಕ್ಕೈತ್ರಿ ಸಾಹೇಬ್ರ. ನಾ ಲಗ್ನಾಗಿ ಬಂದಾಗನ ಇದ್ವರಿ."

ಅತ್ತೆಯ ಹತ್ತಿಪ್ಪತ್ತು ಗುರುತು ಇದ್ದವಲ್ಲ, ಪೂರ್ತಿ ಸುಳ್ಳೂ ಅಲ್ಲ! ಹೇಳುವಾಗ ಎಡಗೈಯನ್ನು ಸೆರಗಿನಲ್ಲಿ ಸುತ್ತಿ ಬಚ್ಚಿಟ್ಟುಕೊಂಡಿದ್ದಳು. ನನಗೆ ಸಿಟ್ಟು, ಅಳು ಎರಡೂ ಒಟ್ಟಿಗೆ ಬಂದವು. ತನ್ನ ಮರಿಗಳ ಸೂರು ಹೋಗುತ್ತದೆ ಎಂದು ಗೊತ್ತಿದ್ದೂ ಈ ಮುದುಕಿ ನಮ್ಮವರ ಮುಖ ಉಳಿಸುತ್ತಿದ್ದಳು. ನಾನೇ ಹೇಳಿಬಿಡುತ್ತೇನೆ ಎಂದು ಬಾಯಿ ತೆರೆದೆ. ಅಷ್ಟರಲ್ಲಿ ಇವರ ಧ್ವನಿ ಕೇಳಿತು. ಇವರು ಆ ಸೆರಗಿನ ಗಂಟನ್ನೇ ನೋಡುತ್ತಿದ್ದರು.

"ಸರ, ಅಕಿ ನನ್ನ ಸಲುವಾಗಿ ಹಂಗ ಹೇಳ್ಲಿಕ್ಕತ್ತಾಳ. ಇವು ಅಕೀವ. ಕುರಿಗೆ ಹಚ್ಚೂ ಗುರ್ತು. ನನ್ನ ತಪ್ಪಾತ್ರಿ."

ಮಾಸ್ತರರ ಮನೆತನದಲ್ಲಿ ಮೂರು ತಲೆಮಾರಿಗೆ ಮೊದಲ ಸಲ ಆ ಮಾತು ಹುಟ್ಟಿದ್ದಕ್ಕೆ ಸಾಕ್ಷಿ ನಾನು, ಆಯಿ, ಒಬ್ಬ ಪ್ರಾಧ್ಯಾಪಕರು ಮತ್ತು ಒಂದು ದಡ್ಡಿ ಮರಿಗಳು.

ಪ್ರಾಧ್ಯಾಪಕರು ನೋಟುಬುಕ್ಕು ಇಸಿದುಕೊಂಡರು. ಎತ್ತರ ಓದಿದರು, ಆಯಿಯನ್ನು ನೋಡಿದರು. ಎಡಚ ಎಂದು ಓದಿ, ಕೈ ತೋರಿಸು ಎಂದರು. ಆಯಿ ನಾಚಿಕೊಂಡು ಸೆರಗು ಬಿಚ್ಚಿದಳು. ಸೊಟ್ಟ ಬೆರಳು ನೋಡಿದರು. ಎರಡು ತಲೆಮಾರು ಎಂಬಲ್ಲಿಗೆ ಬರುವಷ್ಟರಲ್ಲಿ ಅವರ ಹೊಟ್ಟೆ ಕುಣಿಯತೊಡಗಿತ್ತು. ಕಲ್ಲಿನ ಮೇಲೆ ಕೂತು, ಕನ್ನಡಕ ತೆಗೆದು ಕಣ್ಣೀರು ಒರೆಸಿಕೊಂಡರು.

"ಮಾಸ್ತರ, ಇಷ್ಟು ಕರೆಕ್ಟ್ ಸಂಶೋಧನಾ ನನ್ನ ಜನ್ಮದಾಗ ನೋಡಿಲ್ಲ. ಹತ್ತು ಸಾವಿರ ವರ್ಷ ಅಷ್ಟ ಹೆಚ್ಚಕಡಿಮಿ ಆಗೇದ."

ಇವರೂ ನಕ್ಕರು, ಅಳುವವರ ಹಾಗೆ. ನನಗೆ ಜೀವ ಬಂದಂತಾಯಿತು. ಆದರೆ ಪ್ರಾಧ್ಯಾಪಕರು ಕನ್ನಡಕ ಹಾಕಿಕೊಂಡು ಮೇಲೆ ನೋಡಿದರು. "ಗ್ವಾಡೀವು ಹೋದ್ವು. ಮ್ಯಾಲಿನವು ಮಾತ್ರ ಖರೇನ ಅವ. ಅವುಕ್ಕ ನಾ ಇಲಾಖೆಗೆ ಬರೀಬೇಕಾಗ್ತದ," ಎಂದರು. ಅಲ್ಲಿಗೆ ಮತ್ತೆ ಬೇಲಿ, ಬೋರ್ಡು, ಕೀಲಿ.

ಮಳೆ ಬಂದದ್ದು ಆಗ. ಗುಡುಗಿಲ್ಲ, ಮಿಂಚಿಲ್ಲ, ಒಮ್ಮೆಲೇ ಪಡುವಣದಿಂದ ಸುರಿಯಿತು. ಹಿಂಡು ಗುಡ್ಡದಾಚೆಯಿಂದ ಓಡಿಬಂದು, ನಾವಿದ್ದೇವೆ ಎಂಬ ದಾಕ್ಷಿಣ್ಯವಿಲ್ಲದೆ ಒಳಗೆ ನುಗ್ಗಿತು. ನಾವು ಗೋಡೆಗೆ ಅಂಟಿ ನಿಂತೆವು. ಸೊಂಟದವರೆಗೆ ಕುರಿ. ಒಂದು ಟಗರು ಪ್ರಾಧ್ಯಾಪಕರ ಕೊಡೆಯ ಹಿಡಿಕೆಯನ್ನು ಚೀಪತೊಡಗಿತು. ಆಯಿಯ ಹಿರಿಯ ಮಗ ಕೊನೆಗೆ ಬಂದ, ಕಂಬಳಿಯೊಳಗೆ ದಾರಿಯಲ್ಲೇ ಹುಟ್ಟಿದ ಮರಿ. ಆಯಿ ಅದನ್ನು ತನ್ನ ಸೆರಗಿನಿಂದ ಒರೆಸಿ, ಹತ್ತಿರ ಇದ್ದವರ ಕೈಗೆ ತುರುಕಿದಳು. ಹತ್ತಿರ ಇದ್ದವರು ಪ್ರಾಧ್ಯಾಪಕರು.

"ಹಿಡೀರಿ ಸಾಹೇಬ್ರ. ಎದಿಗೆ ಅವಚಿಕೊಳ್ರಿ. ನೆಲಕ್ಕ ಬಿಡಬ್ಯಾಡ್ರಿ."

ಅವರು ಹಿಡಿದರು. ಇಸ್ತ್ರಿಯ ಬಿಳಿ ಅಂಗಿಯ ಗತಿ ಏನಾಯಿತು ಎಂದು ಬರೆಯುವುದು ಬೇಡ. ಆಯಿ ತಾಯಿಕುರಿಯನ್ನು ಹುಡುಕುತ್ತ ಹಿಂಡಿನ ನಡುವೆ ಬಗ್ಗಿದ್ದಳು. ಅವಳು ಒಂದು ಮಾತು ಬೇಡಿಕೊಳ್ಳಲಿಲ್ಲ. ನಾನು ಸುಮ್ಮನಿರುವವಳಲ್ಲ. ಪಡುವಣಕ್ಕೆ ಬಾಯಿರುವ ಗವಿಗಳ ಕತೆ, ಬಯಲಿನಲ್ಲಿದ್ದ ವರ್ಷದ ಹನ್ನೊಂದು ಮರಿಗಳ ಕತೆ, ಎಲ್ಲವನ್ನೂ ಮಳೆಯ ಸದ್ದಿಗಿಂತ ಜೋರಾಗಿ ಹೇಳಿದೆ. ಪ್ರಾಧ್ಯಾಪಕರು ಕೇಳಿದರು. ಮರಿ ಅವರ ಗುಂಡಿ ಚೀಪುತ್ತಿತ್ತು.

ಮಳೆ ಸ್ವಲ್ಪ ಇಳಿದ ಮೇಲೆ ಅವರು ಇವರ ಕಡೆ ತಿರುಗಿದರು. "ಮಾಸ್ತರ, ಕಂಡುಹಿಡದವ್ರು ನೀವು. ನೀವ ಹೇಳ್ರಿ. ನಾ ಬರದ್ರ ನಿಮ್ಮ ಹೆಸರ್ಲೆ ದಾಖಲ ಆಗ್ತದ, ಪುಸ್ತಕದಾಗ ಬರ್ತದ, ಬೇಲೀನೂ ಬರ್ತದ. ಬರೀಲಿಲ್ಲ ಅಂದ್ರ ನೀವು ಇದನ್ನ ನೋಡಿಲ್ಲ, ನಾನೂ ನೋಡಿಲ್ಲ. ಯಾರ ಮುಂದನೂ ಗವಿ ಎಲ್ಲದ ಅಂತ ಅನ್ನೂಹಂಗಿಲ್ಲ. ನಡುವ ದಾರಿ ಇಲ್ಲ."

ಇವರು ಚಾವಣಿ ನೋಡಿದರು. ಆ ಜಿಂಕೆಗಳಿಗಾಗಿ ಎಷ್ಟು ಭಾನುವಾರ, ಎಷ್ಟು ಕಾಗದ, ಒಂದು ಧೋತರ! ಹೈಸ್ಕೂಲಿನ ಒಬ್ಬ ಮಾಸ್ತರನ ಹೆಸರು ದೊಡ್ಡ ಪುಸ್ತಕದಲ್ಲಿ ಬರುವ ಅವಕಾಶ ಬಾಳಿನಲ್ಲಿ ಎರಡು ಸಲ ಬರುವುದಿಲ್ಲ ಎಂಬುದು ಇವರಿಗೂ ಗೊತ್ತಿತ್ತು, ನನಗೂ. ಕೆಳಗೆ ಆಯಿ ತಾಯಿಕುರಿಯನ್ನು ಎಳೆದುಕೊಂಡು ಬಂದು, ಪ್ರಾಧ್ಯಾಪಕರ ಕೈಯಿಂದ ಮರಿ ಇಸಿದುಕೊಂಡು ಮೊಲೆಗೆ ಹಚ್ಚಿದಳು. ಅದು ಎರಡು ಸಲ ಜಾರಿತು, ಮೂರನೆಯ ಸಲ ಹಿಡಿಯಿತು.

"ಬರೀಬ್ಯಾಡ್ರಿ ಸರ," ಎಂದರು ಇವರು.

ಮದುವೆಯಾಗಿ ಆಗ ನಾಲ್ಕೈದು ತಿಂಗಳು ಕಳೆದಿತ್ತು. ಹಿರಿಯರು ನೋಡಿ ಮಾಡಿದ ಮದುವೆ, ಹೊಂದಿಕೊಂಡು ಹೋಗುತ್ತಿದ್ದೆ. ಇವರ ಮೇಲೆ ನನಗೆ ಪ್ರೀತಿ ಹುಟ್ಟಿದ್ದು ಆ ಕುರಿವಾಸನೆಯಲ್ಲಿ, ಆ ಗಳಿಗೆಯಲ್ಲಿ. ಬೇರೆ ಮುಹೂರ್ತ ನನಗೆ ನೆನಪಿಲ್ಲ.

ಆಯಿಗೆ ಮಾತ್ರ ಸಮಾಧಾನವಿರಲಿಲ್ಲ. ನಾವು ಇಳಿಯುವಾಗ ಇವರನ್ನು ತಡೆದು ನಿಲ್ಲಿಸಿ ಬೈದಳು. "ಮಾಸ್ತರ್ರಾಗಿ ಮಂದಿ ಮುಂದ ತಪ್ಪಾತು ಅಂತಾರೇನ್ರಿ? ನಾಳೆ ಸಾಲ್ಯಾಗ ಹುಡುಗ್ರು ನಿಮ್ಮ ಮಾತು ಕೇಳ್ತಾವೇನು? ನಾ ಹೇಳಿದ್ದು ಹಂಗ ನಡೀಲಿ ಅಂತ ಬಿಡಬೇಕಿತ್ತು." ಇವರು ತಲೆ ತಗ್ಗಿಸಿಕೊಂಡು ಕೇಳಿದರು. ಬಸ್ಸಿನಲ್ಲಿ ಪ್ರಾಧ್ಯಾಪಕರ ಪಕ್ಕದ ಜಾಗ ಊರು ಮುಟ್ಟುವವರೆಗೂ ಖಾಲಿಯೇ ಇತ್ತು, ಅಂಗಿಯ ದೆಸೆಯಿಂದ.

ಆಮೇಲೆ ಇವರೇನೂ ಬದಲಾಗಲಿಲ್ಲ. ಬುಧವಾರಕ್ಕೆಲ್ಲ ಮೊದಲಿನ ಹಾಗೆ ನಮ್ಮ ಗಡಿಯಾರ ಸರಿ, ಬಸ್ಸೇ ಬೇಗ ಹೋಯಿತು ಎನ್ನತೊಡಗಿದರು. ಎಂಬತ್ತರ ದಶಕದಲ್ಲಿ ಹುನಗುಂದಕ್ಕೆ ವರ್ಗವಾಯಿತು. ಸುಗ್ಗಿ ಮುಗಿದ ಮೇಲೆ ಕೆಲವು ಸಲ ಮರೋಳದ ದಾರಿಯಲ್ಲಿ ಆಯಿಯ ಹಿಂಡು ಸಿಗುತ್ತಿತ್ತು. ಆಯಿ ಕುಶಲ ಕೇಳುತ್ತಿದ್ದಳು. ಗವಿಯ ಮಾತು ಯಾರೂ ಎತ್ತುತ್ತಿರಲಿಲ್ಲ.

ಆ ವರ್ಷಗಳಲ್ಲಿ ಬಾದಾಮಿ ಸುತ್ತಿನ ಗುಡ್ಡಗಳಲ್ಲಿ ಹಳೆಯ ಚಿತ್ರಗಳು ಸಿಕ್ಕವು ಎಂದು ಪೇಪರಿನಲ್ಲಿ ಆಗಾಗ ಬರುತ್ತಿತ್ತು. ಪೇಪರು ಹತ್ತು ಗಂಟೆಯ ಬಸ್ಸಿಗೆ ಬರುವುದು. ಅಂಥ ಸುದ್ದಿ ಇದ್ದ ದಿನ ಇವರು ಬಾಗಿಲಲ್ಲೇ ನಿಂತು, ಸಾಲಿನ ಮೇಲೆ ಬೆರಳಿಟ್ಟು, ಮೊದಲಿನಿಂದ ಕೊನೆಯವರೆಗೆ ಓದುತ್ತಿದ್ದರು. ಯಾವ ಗುಡ್ಡ, ಯಾವ ಪ್ರಾಣಿ, ಕಂಡುಹಿಡಿದವರು ಯಾರು. ಓದಿ ಮುಗಿಸಿ, "ನಮ್ಮದಲ್ಲ" ಎಂದಷ್ಟೇ ಹೇಳಿ ಒಳಗೆ ಬರುತ್ತಿದ್ದರು. ಒಂದು ದಿನ ನಾನು ತಡೆಯಲಾರದೆ ಕೇಳಿದೆ.

"ನಮ್ಮದ ಇರಬೇಕು ಅಂತ ಓದ್ತೀರೋ, ಇರಬಾರದು ಅಂತ ಓದ್ತೀರೋ?"

ಇವರು ಪೇಪರನ್ನು ಮಡಚಿದರು. ಮಡಚಿದ್ದನ್ನು ಮತ್ತೊಮ್ಮೆ ಮಡಚಿದರು.

"ಎರಡೂ," ಎಂದರು.